ಮಾರುವ ಮನೆಯ ಹೊರಗೋಡೆ: ಕೊಡಗಿನ ಮಳೆಗೆ ಯಾವ ಹೊದಿಕೆ ಒಗ್ಗುತ್ತದೆ?

ಮಡಿಕೇರಿ, ವಿರಾಜಪೇಟೆ ಕಡೆ ಮನೆ ಕೊಳ್ಳಲು ಬರುವ ತಿಳಿದವರು ಹಾಲ್‌ಗೆ ಕಾಲಿಡುವ ಮೊದಲು ಮನೆಯ ಹಿಂದಕ್ಕೆ ಹೋಗುತ್ತಾರೆ. ಪಡುವಣ ಗೋಡೆಗೆ ಪಾಚಿ ಹತ್ತಿದೆಯೇ, ಬುಡದಲ್ಲಿ ಬಣ್ಣ ಸುಲಿದಿದೆಯೇ, ಎಲ್ಲಾದರೂ ಬಿರುಕಿದೆಯೇ ಎಂದು ಕಣ್ಣು ಹಾಯಿಸಿದ ಮೇಲೆಯೇ ಬೆಲೆಯ ಮಾತು. ಇಳಿಜಾರಿನ ಮನೆಯಾದರೆ 2018ರ ಆಗಸ್ಟ್‌ನ ಭೂಕುಸಿತ ನೆನಪಾಗಿ ಇನ್ನೊಂದು ಸುತ್ತು ಹಾಕುತ್ತಾರೆ. ಮಾರುವ ಮುನ್ನ ಕಲ್ಲು, ಟೈಲ್ಸ್, ಶೀಟು ಹೊದಿಸಿ ‘ಎಲಿವೇಷನ್’, ಅಂದರೆ ಮುಂಭಾಗದ ಅಲಂಕಾರ, ಮಾಡಿಸಲು ಹೊರಟವರು ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹೊಚ್ಚಹೊಸ ಹೊದಿಕೆ ಕಂಡ ಕೂಡಲೇ ಗಿರಾಕಿಗೆ ಏಳುವ ಪ್ರಶ್ನೆ, ‘ಇದರ ಹಿಂದೆ ಏನನ್ನು ಮುಚ್ಚಿದ್ದಾರೆ?’

ಮೊದಲು ಊರಿನ ಮಳೆ ನೋಡಿ

ಒಂದೇ ಜಿಲ್ಲೆಯಾದರೂ ಮಳೆ ಒಂದೇ ಅಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ, ಭಾಗಮಂಡಲದಲ್ಲಿ ಅದಕ್ಕಿಂತ ಜೋರು. ಮೂವತ್ತು ಕಿಲೋಮೀಟರ್ ಕೆಳಗಿಳಿದು ಕುಶಾಲನಗರಕ್ಕೆ ಬಂದರೆ ಮಡಿಕೇರಿಯ ಅರ್ಧದಷ್ಟೂ ಇಲ್ಲ. ಕುಶಾಲನಗರದ ನೆಂಟರ ಮನೆಯಲ್ಲಿ ಚೆನ್ನಾಗಿ ಕಂಡ ಟೆಕ್ಸ್ಚರ್ ಪೇಂಟ್ ಭಾಗಮಂಡಲದಲ್ಲಿ ಎರಡು ಮಳೆಗಾಲಕ್ಕೇ ಹಸಿರಾಗಿಬಿಡಬಹುದು. ಅದರ ತರಿತರಿಯಲ್ಲಿ ದೂಳು ಕೂರುತ್ತದೆ, ದೂಳಿನಲ್ಲಿ ಪಾಚಿ ಬೇರೂರುತ್ತದೆ.

ಗೋಡೆ ಒಣಗಿದೆಯೇ?

ಜನವರಿ, ಫೆಬ್ರುವರಿಯಲ್ಲಿ ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಮಾರನೇ ದಿನ ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆಯೊಳಗೆ ತೇವವಿದೆ ಎಂದರ್ಥ. ಅಂಥ ಗೋಡೆಗೆ ಏನೇ ಹೊದಿಸಿದರೂ ಗಾಯಕ್ಕೆ ಔಷಧಿ ಹಚ್ಚದೆ ಪಟ್ಟಿ ಕಟ್ಟಿದಂತೆ. ನೀರು ಬರುವ ಜಾಗ ಹುಡುಕಿ. ಹೆಚ್ಚಾಗಿ ಅದು ಒಡೆದ ಹೆಂಚು, ಮಾಡಿನ ನೀರು ಹರಿಸುವ ದೋಣಿ ತುಂಬಿಕೊಂಡಿರುವುದು, ಕಿಟಕಿಯ ಸಜ್ಜೆ, ಇಲ್ಲವೇ ಗೋಡೆಯ ಬುಡಕ್ಕೆ ಒತ್ತಿ ಹಾಕಿದ ಮಣ್ಣು. ಸಜ್ಜೆಯ ಅಡಿಯಲ್ಲಿ ಉದ್ದಕ್ಕೂ ಸಣ್ಣ ತೋಡು ಕೊರೆಸಿದರೆ ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಮೇಸ್ತ್ರಿಗೆ ಅರ್ಧ ದಿನದ ಕೆಲಸ.

ಕೈಯಲ್ಲಿ ಹಣವಿದ್ದರೆ ಅದನ್ನು ಮೊದಲು ಸೂರಿಗೆ ಹಾಕಿ. ಗೋಡೆಯಿಂದ ಎರಡೂವರೆ, ಮೂರು ಅಡಿ ಹೊರಚಾಚಿದ ಮಾಡು ಯಾವ ದುಬಾರಿ ಹೊದಿಕೆಗಿಂತಲೂ ಚೆನ್ನಾಗಿ ಗೋಡೆ ಕಾಯುತ್ತದೆ. ಕೊಡವ ಕುಟುಂಬಗಳ ಹಳೆಯ ಐನ್‌ಮನೆಗಳ (ಮೂಲಮನೆಗಳ) ಇಳಿಜಾರು ಮಾಡನ್ನು ನೋಡಿದರೆ ಈ ಲೆಕ್ಕ ಅರ್ಥವಾಗುತ್ತದೆ. ಚಪ್ಪಟೆ ಆರ್‌ಸಿಸಿ ಮನೆ ಕಟ್ಟಿ, ಪ್ರತಿ ಜೂನ್‌ನಲ್ಲಿ ಪಡುವಣ ಗೋಡೆಗೆ ಟಾರ್ಪಾಲು ಇಳಿಬಿಡುವವರಿಗಂತೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಹೊದಿಕೆಯ ಆಯ್ಕೆ

ನನ್ನ ಮಟ್ಟಿಗೆ, ಮಾರುವ ಮನೆಗೆ ನಯವಾದ ಸಾರಣೆ ಮತ್ತು ಪಾಚಿನಿರೋಧಕ ಎಕ್ಸ್‌ಟೀರಿಯರ್ ಎಮಲ್ಷನ್ನೇ ಸಾಕು. ಮೊದಲು ಪಾಚಿಯನ್ನು ಬ್ರಷ್‌ನಲ್ಲಿ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರು ಹಚ್ಚಿ, ತೊಳೆದು, ಪೂರ್ತಿ ಒಣಗಲು ಬಿಡಿ. ಆಮೇಲೆ ಬಿರುಕು ತುಂಬಿ, ಪ್ರೈಮರ್, ಅದರ ಮೇಲೆ ಎರಡು ಕೋಟು. ಸಾರಣೆ ಹೊಸದಾದರೆ 28 ದಿನವಾದರೂ ಕಾಯಬೇಕು. ಅಚ್ಚಬಿಳಿ ಫೋಟೋದಲ್ಲಿ ಚೆಂದ, ಆದರೆ ಜುಲೈನಲ್ಲಿ ಕೆಂಪುಮಣ್ಣು ಸಿಡಿದ ಗೋಡೆ ನೋಡಿ ಯಾರೂ ಹತ್ತು ರೂಪಾಯಿ ಹೆಚ್ಚು ಕೊಡುವುದಿಲ್ಲ. ತಿಳಿಹಳದಿ, ಮಣ್ಣಿನ ಬಣ್ಣಗಳು ವಾಸಿ.

ಕಲ್ಲು ಬೇಕೆನ್ನುವವರು ಬುಡದ ಎರಡು, ಮೂರು ಅಡಿಗೆ ಮಾತ್ರ ಹಾಕಿಸಿ. ಸೂರಿನ ನೀರು ನೆಲಕ್ಕೆ ಬಡಿದು ಸಿಡಿಯುವುದು ಅಷ್ಟೇ ಎತ್ತರಕ್ಕೆ. ಗ್ರಾನೈಟ್‌ನಂಥ ನೀರು ಹೀರದ ಕಲ್ಲು ಅಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಇಡೀ ಮುಂಭಾಗಕ್ಕೆ ಟೈಲ್ಸ್ ಅಂಟಿಸುವುದಾದರೆ ಸಿಮೆಂಟಿನ ಉಂಡೆ ಇಟ್ಟು ಒತ್ತುವ ಪದ್ಧತಿ ಬೇಡ. ಹಿಂದೆ ಉಳಿದ ಟೊಳ್ಳಿನಲ್ಲಿ ನೀರು ನಿಂತು ಟೈಲ್ಸ್ ಕಳಚುತ್ತದೆ. ಹೊರಗೋಡೆಗೆಂದೇ ಬರುವ ಟೈಲ್ಸ್ ಅಂಟನ್ನು ಹಿಂಬದಿಗೆ ಪೂರ್ತಿ ಬಳಿಸಿ. ಒಂದೇ ಒಂದು ಟೈಲ್ಸ್ ಉದುರಿದ್ದು ಕಂಡರೂ ಗಿರಾಕಿ ಮಿಕ್ಕವನ್ನೆಲ್ಲ ಬೆರಳಿನಲ್ಲಿ ತಟ್ಟಿ ನೋಡಲು ಶುರು ಮಾಡುತ್ತಾನೆ.

ಕೆಂಪುಕಲ್ಲಿನ ಗೋಡೆ ಇದ್ದರೆ ದಯವಿಟ್ಟು ಮುಚ್ಚಬೇಡಿ. ಹೋಂಸ್ಟೇ ನಡೆಸುವ ಆಸೆಯಿಂದ ಬೆಂಗಳೂರಿನಿಂದ ಬರುವವರಿಗೆ ಅದೇ ಆಕರ್ಷಣೆ. ಆದರೆ ಅದು ನೀರು ಹೀರುವ ಕಲ್ಲು. ಸಂದುಗಳನ್ನು ತುಂಬಿಸಿ, ಸಿಲಿಕೋನ್ ಆಧಾರಿತ ಬಣ್ಣವಿಲ್ಲದ ನೀರುನಿರೋಧಕವನ್ನು ಹೊಡೆಸಿ. ಹೊಳೆಯುವ ವಾರ್ನಿಷ್ ಬೇಡ, ಒಳಗಿನ ತೇವ ಹೊರಬರಲಾಗದೆ ಪದರ ಏಳುತ್ತದೆ.

ಮರದ ವಿಷಯದಲ್ಲಿ ತೋಟದ ಮಾಲೀಕರು ಎಡವುವುದು ಸಿಲ್ವರ್ ಓಕ್‌ನಲ್ಲಿ. ಕಾಫಿ ಗಿಡಕ್ಕೆ ನೆರಳಾಗಿ ಹೇಗೂ ಬೆಳೆದಿರುತ್ತದೆ, ಕುಯ್ಯಿಸಿ ಗೋಡೆಗೆ ಹೊಡೆಸೋಣ ಎನಿಸುತ್ತದೆ. ಸಂಸ್ಕರಣೆ ಮಾಡದೆ ಹೊರಗಿಟ್ಟರೆ ಗೆದ್ದಲಿಗೂ ತೇವಕ್ಕೂ ಅದು ತಡೆಯುವುದಿಲ್ಲ. ಮರದ ನೋಟವೇ ಬೇಕಿದ್ದರೆ ಫೈಬರ್ ಸಿಮೆಂಟ್ ಹಲಗೆ ಇದೆ. ಭಾರತೀಯ ಗುಣಮಟ್ಟದ ಮಾನದಂಡ ಐಎಸ್ 14862ರ ಪ್ರಕಾರ ಹೊರಬಳಕೆಗೆ ಇರುವುದು ‘ಟೈಪ್ ಎ’. ಅಂಗಡಿಯಲ್ಲಿ ಅದನ್ನೇ ಕೇಳಿ. ಹಲಗೆಗೂ ಗೋಡೆಗೂ ನಡುವೆ ಗಾಳಿಯಾಡುವ ಸಂದು ಇರಲಿ, ಕುಯ್ದ ಅಂಚಿಗೂ ಬಣ್ಣ ಬೀಳಲಿ.

ಎಸಿಪಿ (ಅಲ್ಯೂಮಿನಿಯಂ ಹಾಳೆ ಹೊದಿಸಿದ ಹಲಗೆ), ಪಿವಿಸಿ ಶೀಟು? ಪೇಟೆ ಬೀದಿಯ ಅಂಗಡಿಗೆ ಸರಿ. ಮನೆಗೆ ಹಾಕಿದರೆ ಹಿಂದಿನ ಟೊಳ್ಳಿನಲ್ಲಿ ಇಲಿ ಸಂಸಾರ ಹೂಡುತ್ತದೆ.

ಮಾರಾಟಕ್ಕಿಡುವ ಹೊತ್ತು

ಮೇ ಕೊನೆಯಲ್ಲಿ ಬಣ್ಣ ಬಳಿದು ಜೂನ್‌ಗೆ ಮುನ್ನ ಮಾರಿಬಿಡೋಣ ಎಂಬ ಅವಸರ ಸಾಮಾನ್ಯ. ಸಾಧ್ಯವಾದರೆ ಉಲ್ಟಾ ಮಾಡಿ. ಬೇಸಿಗೆಯಲ್ಲೇ ಕೆಲಸ ಮುಗಿಸಿ, ಒಂದು ಮಳೆಗಾಲ ಗೋಡೆಯ ಮೇಲೆ ಸುರಿಯಲು ಬಿಟ್ಟು, ಅಕ್ಟೋಬರ್‌ನಲ್ಲಿ ಮನೆ ತೋರಿಸಿ. ಇಡೀ ಮಳೆ ತಿಂದ ಗೋಡೆಯನ್ನು ನೋಡಿದ ಗಿರಾಕಿ ಅದೇ ನೆಪ ಹೇಳಿ ಚೌಕಾಸಿ ಮಾಡುವುದು ಕಷ್ಟ. ಕೆಲಸದ ಮೊದಲಿನ ಫೋಟೋ, ಬಿಲ್ಲು, ಬಣ್ಣದ ಶೇಡ್ ನಂಬರ್, ಮಿಕ್ಕ ಟೈಲ್ಸ್ ಎತ್ತಿಟ್ಟುಕೊಂಡಿದ್ದರೆ ‘ಹಿಂದೆ ಏನಿದೆ’ ಎಂಬ ಪ್ರಶ್ನೆಗೆ ತೋರಿಸಲು ಆಗುತ್ತದೆ. ಜಾಗದ ಕಾಗದಪತ್ರ, ಅದರಲ್ಲೂ ಜಮ್ಮಾ ಜಾಗದ್ದು (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿ), ಸರಿಯಿಲ್ಲದಿದ್ದರೆ ಮಾತ್ರ ಗೋಡೆಗೆ ಖರ್ಚು ಮಾಡುವ ಮೊದಲು ವಕೀಲರ ಹತ್ತಿರ ಹೋಗಿಬನ್ನಿ.