ಕಲ್ಲು ಹಸಿರಾದ ಮೇಲೆ ಬಂದ ಮೀನು

ನಮ್ಮ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿರುವ ಕೋರಲ್ ಬ್ಯೂಟಿ ಎಂಬ ಕಡಲ ಮೀನು ಒಂದು ಕಡೆ ನಿಂತದ್ದನ್ನು ನಾನು ಕಂಡಿಲ್ಲ. ಬೆಳಿಗ್ಗೆ ದೀಪ ಹೊತ್ತಿದ ಗಳಿಗೆಯಿಂದ ಕಲ್ಲಿನ ಒಂದು ಸಂದಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುತ್ತದೆ. ನಡುನಡುವೆ ತಲೆ ಓರೆ ಮಾಡಿ, ಪುಟ್ಟ ಬಾಯಿಂದ ಕಲ್ಲಿಗೆ ಹತ್ತಿದ ಪಾಚಿಯನ್ನು ಚೂರು ಚೂರೇ ಕೀಳುತ್ತದೆ. ಮೈಯೆಲ್ಲ ನೇರಳೆ ಬೆರೆತ ನೀಲಿ, ಪಕ್ಕೆಯಲ್ಲಿ ಕೆಂಡದಂಥ ಕಿತ್ತಳೆ, ಅದರ ಮೇಲೆ ಮೇಲಿಂದ ಕೆಳಕ್ಕೆ ಎಳೆದ ಸಣ್ಣ ಕಪ್ಪು ಗೆರೆಗಳು. ಪೂರ್ತಿ ಬೆಳೆದರೂ ಸುಮಾರು 10 ಸೆಂಟಿಮೀಟರ್ ಅಷ್ಟೇ. ಸೆಂಟ್ರೊಪೈಜ್ ಕುಲದ ಇಂಥ ಕುಳ್ಳ ಏಂಜೆಲ್ ಮೀನುಗಳೆಲ್ಲ ಮೇಯುವ ಜೀವಗಳು. ಈ ಒಂದು ಮಾತು ಅರ್ಥವಾಗಲು ನನಗೆ ಒಂದು ಮೀನಿನ ಪ್ರಾಣ ಖರ್ಚಾಯಿತು.

2021ರಲ್ಲಿ ಮೊದಲ ಮೀನನ್ನು ತಂದಾಗ ನನ್ನ ತೊಟ್ಟಿಗೆ ಎರಡೇ ತಿಂಗಳು. ಮೀನಿಗೆ ವಿಷವಾಗುವ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. "ಇನ್ನೇನೂ ತೊಂದರೆ ಇಲ್ಲ, ಧೈರ್ಯವಾಗಿ ತೆಗೆದುಕೊಂಡು ಹೋಗಿ ಮೇಡಂ" ಎಂದರು ಅಂಗಡಿಯವರು. ಹಾಕಿದ ಸೀಗಡಿಯನ್ನು ಮೀನು ತಿನ್ನುತ್ತಿತ್ತು. ಆದರೂ ವಾರದಿಂದ ವಾರಕ್ಕೆ ಹೊಟ್ಟೆ ಒಳಗೆ ಹೋಯಿತು, ತಲೆಯ ಹಿಂದಿನ ಮಾಂಸ ಇಳಿಯಿತು. 23ನೆಯ ದಿನ ಬೆಳಿಗ್ಗೆ ಮೂಲೆಯಲ್ಲಿ ಬಿದ್ದಿತ್ತು. ದಿನವಿಡೀ ಮೇಯಬೇಕಾದ ಪ್ರಾಣಿಗೆ ಎರಡು ಹೊತ್ತು ಊಟ ಹಾಕಿ, ಉಳಿದ ಹೊತ್ತೆಲ್ಲ ಬೋಳು ಕಲ್ಲಿನ ಮುಂದೆ ಬಿಟ್ಟಿದ್ದೆ.

ಹೊರದೇಶಗಳಲ್ಲಿ ಹಲವರು ಸಮುದ್ರದಿಂದ ತೆಗೆದ 'ಜೀವಂತ ಕಲ್ಲನ್ನೇ', ಅಂದರೆ ಪಾಚಿ, ಸಣ್ಣ ಜೀವಿಗಳು ಹತ್ತಿದ ಹಳೆಯ ಹವಳದ ತುಂಡುಗಳನ್ನೇ, ತೊಟ್ಟಿಗೆ ಇಳಿಸುತ್ತಾರೆ. ನಮ್ಮಲ್ಲಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಇರಬೇಕಾದದ್ದೇ. ಹಾಗಾಗಿ ನನ್ನವು ಸುಟ್ಟ ಪಿಂಗಾಣಿಯ ಕಲ್ಲುಗಳು, ಸುಣ್ಣದಷ್ಟು ಬಿಳಿ. ತೊಟ್ಟಿಯಲ್ಲಿ ಹವಳವನ್ನೂ ಇಟ್ಟಿಲ್ಲ. ಈ ಮೀನುಗಳಿಗೆ ಹವಳ ಕುಕ್ಕುವ ಚಟವೂ ಇರುವುದರಿಂದ ಒಂದು ಚಿಂತೆ ಕಡಿಮೆಯಾಯಿತು.

ಆ ಬಿಳಿ ಕಲ್ಲಿನ ಮೇಲೆ ಹುಲ್ಲುಗಾವಲು ಬೆಳೆಸಲು ನನಗೆ ಇನ್ನೂ ಒಂಬತ್ತು ತಿಂಗಳು ಹಿಡಿಯಿತು. ಮೊದಲು ಕಾಫಿ ಚೆಲ್ಲಿದಂಥ ಕಂದು ಪದರ. ಆಮೇಲೆ ಕೂದಲಿನಂಥ ಹಸಿರು ಪಾಚಿ. ಬ್ರಷ್ ಹಿಡಿದು ಉಜ್ಜಿಬಿಡಬೇಕು ಎಂದು ಕೈ ತುರಿಸುತ್ತಿತ್ತು. ಮುಂದಿನ ಗಾಜನ್ನು ಮಾತ್ರ ಒರೆಸಿ, ಹಿಂದಿನ ಗಾಜು ಮತ್ತು ಕಲ್ಲುಗಳನ್ನು ಮುಟ್ಟದೆ ಬಿಟ್ಟೆ. ಕೊನೆಗೆ ಗುಲಾಬಿ ಬಣ್ಣದ ಗಟ್ಟಿ ಪಾಚಿ ಅಲ್ಲಲ್ಲಿ ಚುಕ್ಕೆಯಿಡತೊಡಗಿತು. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಹುಳುಗಳು ಹರಿದಾಡುತ್ತಿದ್ದವು. ಆ ರಾತ್ರಿಯೇ, ಇನ್ನು ಮೀನು ತರಬಹುದು ಎಂದುಕೊಂಡೆ.

ಎರಡನೆಯ ಸಲ ಅಂಗಡಿಯಲ್ಲಿ ಅರ್ಧ ಗಂಟೆ ನಿಂತೆ. ಕಣ್ಣೆದುರೇ ಆಹಾರ ಹಾಕಿಸಿದೆ, ಬೆನ್ನು ತುಂಬಿದೆಯೇ, ಉಸಿರಾಟ ಸಮವಾಗಿದೆಯೇ ನೋಡಿದೆ. ಬಲೆ ಬೇಡ, ಡಬ್ಬಿಯಲ್ಲೇ ಹಿಡಿಯಿರಿ ಎಂದು ಕೇಳಿಕೊಂಡೆ. ಏಂಜೆಲ್ ಮೀನುಗಳಿಗೆ ಕಿವಿರು ಮುಚ್ಚಳದ ಕೆಳಗೆ ಒಂದು ಕೆನ್ನೆಮುಳ್ಳು ಇರುತ್ತದೆ. ಮೊದಲ ಮೀನು ಬಂದ ದಿನ ಆ ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿಕೊಂಡಿತ್ತು. ಎಳೆದರೆ ಕೆನ್ನೆ ಹರಿಯುತ್ತದೆ. ಬಲೆಯನ್ನು ನೀರಿನೊಳಗೇ ಹಿಡಿದುಕೊಂಡು, ಉಗುರು ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದ್ದೆ. ಆ ಎರಡು ನಿಮಿಷ ಕೈ ನಡುಗಿದ್ದು ಇನ್ನೂ ನೆನಪಿದೆ.

ರೋಗವೇನಾದರೂ ಇದೆಯೇ ನೋಡಲು ಹೊಸ ಮೀನು ಒಂದು ತಿಂಗಳು 60 ಲೀಟರಿನ ಬೇರೆ ತೊಟ್ಟಿಯಲ್ಲಿತ್ತು. ಅಡಗಲು ಪಿವಿಸಿ ಪೈಪಿನ ತುಂಡುಗಳು, ಜೊತೆಗೆ ದೊಡ್ಡ ತೊಟ್ಟಿಯ ಪಾಚಿ ಹಿಡಿದ ಒಂದು ಸಣ್ಣ ಕಲ್ಲು. ಕಿಟಕಿಯ ಪಕ್ಕ ಉಪ್ಪುನೀರಿನ ಬಕೆಟ್ಟಿನಲ್ಲಿ ಇಂಥ ನಾಲ್ಕು ಕಲ್ಲುಗಳನ್ನು ಬಿಸಿಲಿಗಿಟ್ಟು, ನಾಲ್ಕೈದು ದಿನಕ್ಕೊಮ್ಮೆ ಬದಲಿಸುತ್ತಿದ್ದೆ. ಮುಂಜಾಗ್ರತೆಗೆಂದು ತಾಮ್ರದ ಔಷಧಿ ಹಾಕುವವರಿದ್ದಾರೆ. ಈ ಮೀನುಗಳಿಗೆ ತಾಮ್ರ ಸುಲಭವಾಗಿ ಹಿಡಿಸುವುದಿಲ್ಲ. ಬಿಳಿ ಚುಕ್ಕೆ ರೋಗ ಕಾಣಿಸದೇ ಇದ್ದರೆ ನಾನು ಹಾಕುವುದಿಲ್ಲ. ಮೈಸಿಸ್ ಸೀಗಡಿ, ಸ್ಪಿರುಲಿನಾ ಪಾಚಿ ಬೆರೆಸಿದ ಆಹಾರ, ಕ್ಲಿಪ್ಪಿಗೆ ಸಿಕ್ಕಿಸಿದ ನೋರಿ ಎಂಬ ಒಣ ಕಡಲಪಾಚಿಯ ಹಾಳೆ, ಎಲ್ಲವನ್ನೂ ತಿನ್ನಲು ಅದು ಅಲ್ಲಿಯೇ ಕಲಿಯಿತು.

ಇನ್ನು ನೀರಿನ ವಿಚಾರ. ನಮ್ಮದು ಬೆಂಗಳೂರಿನ ರಾಜರಾಜೇಶ್ವರಿನಗರ. ಕಾವೇರಿಯ ಜೊತೆ ಕೊಳವೆಬಾವಿಯ ನೀರೂ ನೆಲದ ಸಂಪ್‌ಗೆ ಬೀಳುತ್ತದೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 600 ದಾಟುತ್ತದೆ. (ಮೀನಿನ ತೊಟ್ಟಿಯ ಕೆಳಗಿನ ಫಿಲ್ಟರ್ ಪೆಟ್ಟಿಗೆಗೂ ಸಂಪ್ ಎಂದೇ ಹೆಸರು. "ಸಂಪ್ ತುಂಬಿದೆಯಾ" ಎಂದರೆ ನಮ್ಮ ಮನೆಯಲ್ಲಿ ಯಾವುದು ಎಂದು ಕೇಳಬೇಕು.) ಆ ನೀರನ್ನು ಆರ್‌ಓ ಯಂತ್ರದಿಂದ ಸೋಸಿ, ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಬರುವಂತೆ ಸಮುದ್ರದ ಉಪ್ಪು ಬೆರೆಸುತ್ತೇನೆ. 300 ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ 30 ಲೀಟರ್ ಹಳೆಯ ನೀರು ತೆಗೆದು ಹೊಸದು ತುಂಬುತ್ತೇನೆ. ಪ್ರತಿ ಲೀಟರ್ ಶುದ್ಧ ನೀರಿಗೆ ನನ್ನ ಯಂತ್ರ ಮೂರು ಲೀಟರ್ ಹೊರಚೆಲ್ಲುತ್ತದೆ. ಅದು ನೆಲ ಒರೆಸಲು, ಶೌಚಾಲಯಕ್ಕೆ ಹೋಗುತ್ತದೆ.

2024ರ ಮಾರ್ಚಿನಲ್ಲಿ ನಮ್ಮ ಕೊಳವೆಬಾವಿ ಬತ್ತಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಪ್ರಕಟಿಸಿದ ದಿನಗಳು ಅವು. "ಜನಕ್ಕೇ ಟ್ಯಾಂಕರ್ ಸಿಗುತ್ತಿಲ್ಲ, ನಿನ್ನ ಮೀನಿಗೆ ಬಕೆಟ್ ಬಕೆಟ್ ನೀರು ಬೇಕೇನೇ?" ಎಂದರು ಅಮ್ಮ. ಅವರು ಹೇಳಿದ್ದು ನ್ಯಾಯವಾಗಿತ್ತು. ನೀರು ಬದಲಿಸುವುದನ್ನು ಮೂರು ವಾರಕ್ಕೊಮ್ಮೆ ಮಾಡಿದೆ. ಕೆಳಗಿನ ಪೆಟ್ಟಿಗೆಯಲ್ಲಿ ಕೀಟೋಮಾರ್ಫ ಎಂಬ ಪಾಚಿಯ ಸಿಕ್ಕುಗಂಟನ್ನು ಬಿಟ್ಟು ರಾತ್ರಿಯಿಡೀ ದೀಪ ಹಾಕಿಟ್ಟೆ. ಮೀನಿನ ಕೊಳೆಯಿಂದ ನೀರಿನಲ್ಲಿ ಸೇರುವ ನೈಟ್ರೇಟನ್ನು ಹೀರಿಕೊಂಡು ಅದು ಬೆಳೆಯಿತು, ನಾನು ಹಿಡಿ ಹಿಡಿಯಾಗಿ ಕಿತ್ತು ಹೊರಗೆ ಹಾಕುತ್ತಿದ್ದೆ. ಬಿಸಿಲಿಗೆ ತೊಟ್ಟಿಯ ನೀರು 30 ಡಿಗ್ರಿ ಮುಟ್ಟಿದಾಗ ಎರಡು ಚಿಕ್ಕ ಫ್ಯಾನುಗಳನ್ನು ನೀರಿನ ಮೇಲ್ಮೈಗೆ ತಿರುಗಿಸಿ 27ಕ್ಕೆ ಇಳಿಸಿದೆ. ಹಾಗೆ ಮಾಡಿದರೆ ದಿನಕ್ಕೆ ನಾಲ್ಕು ಲೀಟರ್ ಆವಿಯಾಗುತ್ತದೆ. ಆ ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪು ಆವಿಯಾಗದೆ ತೊಟ್ಟಿಯಲ್ಲೇ ಉಳಿದಿರುತ್ತದೆ. ಡಿಸೆಂಬರಿನ ಚಳಿಗೆ ಇದೇ ತೊಟ್ಟಿಗೆ ಹೀಟರ್ ಬೇಕು. ಕರೆಂಟ್ ಹೋದಾಗ ಅಲೆಯ ಪಂಪ್ ಒಂದನ್ನಾದರೂ ಯುಪಿಎಸ್‌ಗೆ ಜೋಡಿಸಿಡುತ್ತೇನೆ.

ಕಳೆದ ವರ್ಷ ಅದಕ್ಕೆ ಜೊತೆಯಾಗಿ ಇನ್ನೊಂದು ಕೋರಲ್ ಬ್ಯೂಟಿ ತಂದೆ, ಅಂಗಡಿಯಲ್ಲಿದ್ದವುಗಳಲ್ಲೇ ಅತಿ ಚಿಕ್ಕದು. ಈ ಮೀನುಗಳು ಮೊದಲು ಹೆಣ್ಣಾಗಿ ಬೆಳೆಯುತ್ತವೆ, ಗುಂಪಿನಲ್ಲಿ ಮೇಲುಗೈ ಪಡೆದದ್ದು ಗಂಡಾಗುತ್ತದೆ. ಸಮಗಾತ್ರದ ಎರಡನ್ನು ಬಿಟ್ಟರೆ ಕಾದಾಟ ಖಚಿತ. ಬೇರೆ ತೊಟ್ಟಿಯ ತಿಂಗಳು ಮುಗಿಸಿ ಬಂದ ಚಿಕ್ಕದನ್ನು ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಆರು ದಿನ ಇರಿಸಿದೆ. ಮೊದಲ ಎರಡು ದಿನ ದೊಡ್ಡದು ಪೆಟ್ಟಿಗೆಗೆ ಮೈ ಒಡ್ಡಿ, ರೆಕ್ಕೆ ಸೆಟೆದು ನಿಂತಿತು. ಐದನೆಯ ದಿನ ಅದರ ಪಕ್ಕದಲ್ಲೇ ಪಾಚಿ ಮೇಯುತ್ತಿತ್ತು. ಬಿಟ್ಟ ಮೇಲೆ ಎರಡು ದಿನ ಅಟ್ಟಾಡಿಸಿತು, ಆಮೇಲೆ ಸುಮ್ಮನಾಯಿತು.

ನಾಲ್ಕು ತಿಂಗಳ ಬಳಿಕ ಒಂದು ಸಂಜೆ, ದೀಪಗಳು ಮಂಕಾಗುವ ಹೊತ್ತಿಗೆ, ದೊಡ್ಡದು ರೆಕ್ಕೆಗಳನ್ನೆಲ್ಲ ಬಿಡಿಸಿ ಚಿಕ್ಕದರ ಸುತ್ತ ಸುಳಿಯತೊಡಗಿತು. ಚಿಕ್ಕದು ಕಲ್ಲಿನಿಂದ ಮೇಲೆದ್ದಿತು. ಗಂಡು ಅದರ ಹೊಟ್ಟೆಗೆ ಮೂತಿ ತಾಗಿಸಿಕೊಂಡು ಜೊತೆಗೇ ಏರಿತು. ಮೇಲ್ಮೈಗೆ ಒಂದು ಗೇಣು ಉಳಿದಿರುವಾಗ ಎರಡೂ ಒಮ್ಮೆಲೇ ಮೈ ಝಾಡಿಸಿ ಕೆಳಗೆ ಚಿಮ್ಮಿದವು. ಟಾರ್ಚ್ ಬೆಳಕಿನಲ್ಲಿ ಒಂದು ಮಿಲಿಮೀಟರಿಗೂ ಚಿಕ್ಕ ಮೊಟ್ಟೆಗಳು ಗಾಜಿನ ಹರಳಿನಂತೆ ತೇಲುತ್ತಿದ್ದವು. ಹವಾಯಿಯಲ್ಲಿ ಇಂಥ ಕೆಲವು ಜಾತಿಗಳ ಮರಿಗಳನ್ನು ಸಾಕಿ ದೊಡ್ಡದು ಮಾಡಿದ್ದಾರೆ. ಹೊರಬಂದ ಮರಿಗೆ ಕೋಪಿಪಾಡ್ ಎಂಬ ಪುಟ್ಟ ಜಲಜೀವಿಯ ಅತಿ ಸೂಕ್ಷ್ಮವಾದ ಮರಿಗಳೇ ಆಹಾರವಾಗಬೇಕು. ಅದನ್ನು ಬೆಳೆಸಲು ಕಿಟಕಿಯ ಪಕ್ಕ ಕಲ್ಲಿನ ಬಕೆಟ್ ಇದ್ದ ಜಾಗದಲ್ಲಿ ಈಗ ಮೂರು ಗಾಜಿನ ಜಾಡಿಗಳಿವೆ. ಸಂಜೆ ಆರೂವರೆಗೆ ಅರ್ಧ ಗಂಟೆ ಪಂಪ್ ನಿಲ್ಲಿಸುತ್ತೇನೆ, ಮೊಟ್ಟೆಗಳು ಫಿಲ್ಟರಿಗೆ ಸೆಳೆದುಕೊಂಡು ಹೋಗದಿರಲಿ ಎಂದು. ಆ ಹೊತ್ತಿಗೆ ಅಮ್ಮನೂ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಬಂದು ಕೂರುತ್ತಾರೆ.