ತಳಕ್ಕೆ ಜಲ್ಲಿ ಹಾಕಿದ ವರ್ಷ, ಮತ್ತು ಆಮೇಲೆ

ತಾರಸಿಯ ಮೇಲೆ ಚೀಲಗಳಲ್ಲಿ ಬೆಳೆಸಿದ ಮೊದಲ ವರ್ಷದ ಟೊಮೆಟೊ ಗಿಡಗಳು ಸತ್ತ ಮೇಲೆ ಒಂದು ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಮೇಲಿನ ನಾಲ್ಕು ಬೆರಳು ಮಣ್ಣಿನಲ್ಲಿ ಬೇರುಗಳು ಚಾಪೆಯಂತೆ ಹೆಣೆದುಕೊಂಡಿದ್ದವು. ಅದರ ಕೆಳಗೆ ಬೇರಿನ ಸುಳಿವೇ ಇಲ್ಲ. ಇನ್ನೂ ಕೆಳಗೆ, ನಾನೇ ಮುತುವರ್ಜಿಯಿಂದ ಹಾಸಿದ್ದ ಜಲ್ಲಿಯ ಮೇಲೆ, ಗೇಣುದ್ದಕ್ಕೆ ಕರಿ ಕೆಸರು ಕುಳಿತಿತ್ತು. ಹತ್ತಿರ ಹಿಡಿದರೆ ಮೋರಿಯ ವಾಸನೆ. ಚೀಲದಲ್ಲಿ ಗೊಬ್ಬರಕ್ಕೇನೂ ಕಡಿಮೆ ಇರಲಿಲ್ಲ, ನೀರಿಗೂ ಇರಲಿಲ್ಲ. ಗಾಳಿಗೆ ಮಾತ್ರ ಜಾಗವಿರಲಿಲ್ಲ.

ತಿಪಟೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ. 10 ಮಿಲಿಗ್ರಾಂ ಬರೆದಲ್ಲಿ 20 ಕೊಟ್ಟರೆ ಏನಾಗುತ್ತದೆಂದು ದಿನವಿಡೀ ಎಚ್ಚರದಿಂದಿರುವ ಕೆಲಸ. ಆದರೆ ಸಂಜೆ ಅಂಗಡಿಯ ಬಾಗಿಲೆಳೆದು ಮನೆಯ ತಾರಸಿ ಹತ್ತಿದೊಡನೆ ಆ ಬುದ್ಧಿಯೆಲ್ಲ ಕೆಳಗೇ ಉಳಿಯುತ್ತಿತ್ತು. ‘ಸಾವಯವ ತಾನೆ, ಎಷ್ಟು ಹಾಕಿದರೂ ಒಳ್ಳೆಯದೇ’ ಎಂದು ಹಿಡಿಗಟ್ಟಲೆ ಸುರಿಯುತ್ತಿದ್ದೆ. 20 ಲೀಟರಿನ 18 ಚೀಲಗಳು; ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ತಳಕ್ಕೆ ಜಲ್ಲಿ. ಬೀಜ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಎಲೆ ಮುರುಟು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ ಅದು. ಮೂರು ರೋಗಕ್ಕೂ ಬಗ್ಗದ ಗಿಡವನ್ನು ನಾನು ಉಸಿರು ಕಟ್ಟಿಸಿ ಕೊಂದಿದ್ದೆ.

ಹೊಲದ ಕೆಂಪು ಮಣ್ಣು ಚೀಲಕ್ಕೆ ಬಂದರೆ ಬೇರೆಯೇ ಪದಾರ್ಥವಾಗುತ್ತದೆ. ಹೊಲದಲ್ಲಿ ಅದರ ಕೆಳಗೆ ಆಳವಾದ ನೆಲವಿದೆ, ನೀರನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಎರೆಹುಳು, ಇರುವೆ, ಹಳೆಯ ಬೇರುಗಳು ತೂತು ಕೊರೆದಿರುತ್ತವೆ. ಚೀಲದಲ್ಲಿ ದಿನವೂ ನೀರು ಬಿದ್ದು ನುಣ್ಣನೆಯ ಕಣಗಳು ಕೆಳಗಿಳಿದು ಸಂದುಗಳನ್ನು ಮುಚ್ಚುತ್ತವೆ. ಒಣಗಿದರೆ ಇಟ್ಟಿಗೆ. ಆಗ ಮಣ್ಣು ಚೀಲದ ಅಂಚಿನಿಂದ ಬಿಟ್ಟುಕೊಂಡು, ಹಾಕಿದ ನೀರು ಪಕ್ಕದಿಂದಲೇ ಹರಿದುಹೋಗುತ್ತದೆ. ತಳದಲ್ಲಿ ನೀರು ಬಂತೆಂದು ನಾವು ನಲ್ಲಿ ನಿಲ್ಲಿಸುತ್ತೇವೆ. ನಡುವಿನ ಮಣ್ಣು ಮಾತ್ರ ಒಣಗಿಯೇ ಇರುತ್ತದೆ.

ಜಲ್ಲಿಯ ವಿಷಯ ನನಗೆ ಅರ್ಥವಾದದ್ದು ಪಾತ್ರೆ ಉಜ್ಜುವ ಸ್ಪಂಜಿನಿಂದ. ಆಯತಾಕಾರದ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಂಗೈ ಮೇಲೆ ಮಲಗಿಸಿದಂತೆ ಹಿಡಿಯಿರಿ. ತೊಟ್ಟಿಕ್ಕಿ ತೊಟ್ಟಿಕ್ಕಿ ಒಂದು ಹಂತದಲ್ಲಿ ನಿಲ್ಲುತ್ತದೆ. ಈಗ ಹಿಂಡದೆ, ಅಲುಗಿಸದೆ ಅದನ್ನೇ ಎತ್ತರಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ರಂಧ್ರಗಳೂ ಅವೇ, ಬದಲಾದದ್ದು ಎತ್ತರ. ಯಾವ ಕುಂಡದಲ್ಲೂ ತಳದ ಒಂದಿಷ್ಟು ಪದರ ನೀರು ಹಿಡಿದೇ ಇರುತ್ತದೆ; ಕುಂಡ ಎತ್ತರವಿದ್ದಷ್ಟೂ ಆ ಪದರದ ಮೇಲೆ ಬೇರಿಗೆ ಸಿಗುವ ಗಾಳಿಯ ಜಾಗ ಹೆಚ್ಚು. ತಳಕ್ಕೆ ಜಲ್ಲಿ ಹಾಕಿದರೆ ಕುಂಡದ ಎತ್ತರವನ್ನೇ ಕಡಿಮೆ ಮಾಡಿದಂತೆ. ಸಣ್ಣ ಕಣದ ಮಣ್ಣು ಪೂರ್ತಿ ತೊಯ್ಯುವವರೆಗೆ ನೀರನ್ನು ದಪ್ಪ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ತಳದಲ್ಲಿ ಇರಬೇಕಾದ ಒದ್ದೆ ಪದರ ಜಲ್ಲಿಯ ಮೇಲಕ್ಕೇರಿ ಬೇರಿನ ಮಡಿಲಲ್ಲೇ ಕೂರುತ್ತದೆ. ತಲೆತಲಾಂತರದಿಂದ ಕೇಳಿಕೊಂಡು ಬಂದ ಸಲಹೆಯಾದ್ದರಿಂದ ನಾನೂ ಪ್ರಶ್ನಿಸಿರಲಿಲ್ಲ.

ಎರಡನೆಯ ವರ್ಷ ಮಣ್ಣನ್ನೇ ಬಿಟ್ಟೆ. ತಿಪಟೂರಿನಲ್ಲಿ ಕೊಬ್ಬರಿಗಿಂತ ಹೇರಳವಾಗಿ ಸಿಗುವ ವಸ್ತು ಒಂದಿದ್ದರೆ ಅದು ತೆಂಗಿನ ನಾರಿನ ಪುಡಿ. ನಾರು ತೆಗೆಯುವ ಘಟಕಗಳ ಹಿಂದೆ ಗುಡ್ಡ ಗುಡ್ಡವಾಗಿ ಬಿದ್ದಿರುತ್ತದೆ, ಬೇಸಿಗೆಯಲ್ಲಿ ಹೊತ್ತಿಕೊಂಡು ದಿನಗಟ್ಟಲೆ ಹೊಗೆಯಾಡುತ್ತದೆ. ಪೇಟೆಯಲ್ಲಿ ಇದನ್ನೇ ಇಟ್ಟಿಗೆಯಂತೆ ಒತ್ತಿ, ಕೋಕೋಪಿಟ್ ಎಂದು ಹೆಸರಿಟ್ಟು ಮಾರುತ್ತಾರೆ. ನಾನು ಆಟೊದಲ್ಲಿ ಹತ್ತು ಮೂಟೆ ಪುಕ್ಕಟೆಯಾಗಿ ತಂದೆ. ಹಗುರ, ನೀರು ಹಿಡಿಯುತ್ತದೆ, ಗಾಳಿಯೂ ಆಡುತ್ತದೆ. ತಾರಸಿಯ ಮೇಲಿನ ಭಾರವೂ ಅರ್ಧಕ್ಕಿಳಿಯಿತು. ತೊಯ್ದ ಕೆಂಪು ಮಣ್ಣಿನ ಚೀಲ 30 ಕೆಜಿ ದಾಟುತ್ತಿತ್ತು. ಅರ್ಧ ನಾರಿನ ಪುಡಿ, ಅರ್ಧ ಎರೆಗೊಬ್ಬರ ಕಲಸಿ ಸಸಿ ನೆಟ್ಟೆ.

ಸಸಿಗಳು ಕುಳಿತುಬಿಟ್ಟವು. ಮೂರು ವಾರವಾದರೂ ಒಂದು ಹೊಸ ಎಲೆ ಬಿಡಲಿಲ್ಲ. ಕೆಳಗಿನ ಎಲೆಗಳು ಹಳದಿಯಾದವು, ಅಂಚು ಸುಟ್ಟಂತೆ ಕಂದಾಯಿತು. ಒಬ್ಬರು ನೀರು ಜಾಸ್ತಿ ಎಂದರು, ಇನ್ನೊಬ್ಬರು ಕಡಿಮೆ ಎಂದರು, ಮೂರನೆಯವರು ದೃಷ್ಟಿಯಾಗಿದೆ ಎಂದರು. ಅಂಗಡಿಗೆ ಬರುವ ರೋಗಿಗಳಲ್ಲಿ ಎರಡು ಕಾಯಿಲೆ ಒಟ್ಟಿಗೆ ಇರುವವರನ್ನು ಕಂಡಿದ್ದೇನೆ. ಈ ಗಿಡಗಳಿಗೂ ಹಾಗೆಯೇ ಆಗಿತ್ತು.

ಮೊದಲನೆಯದು ಉಪ್ಪು. ತೆಂಗಿನ ಮರ ಪೊಟ್ಯಾಷ್ ಮತ್ತು ಕ್ಲೋರೈಡನ್ನು ಧಾರಾಳವಾಗಿ ಹೀರಿಕೊಳ್ಳುತ್ತದೆ, ಅದರ ದೊಡ್ಡ ಪಾಲು ಕಾಯಿಯ ಮಟ್ಟೆಗೆ ಸೇರುತ್ತದೆ. ಒಂದು ಮಗ್ ಪುಡಿಯನ್ನು ಐದು ಮಗ್ ಮಳೆನೀರಿನಲ್ಲಿ ನೆನೆಸಿದರೆ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಕುಡಿಯುವ ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಚಿಕ್ಕ ಟಿಡಿಎಸ್ ಮೀಟರನ್ನು ಅದರಲ್ಲಿ ಅದ್ದಿದೆ. ನಮ್ಮ ಬೋರ್‌ವೆಲ್ ನೀರೇ 800 ತೋರಿಸುತ್ತದೆ. ಈ ಡಿಕಾಕ್ಷನ್ 2000 ದಾಟಿತು. ಎರಡನೆಯದು ಹಸಿವು. ಹಸಿ ನಾರಿನ ಪುಡಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 100 ಪಾಲಿಗಿಂತ ಹೆಚ್ಚು. ಅದನ್ನು ಕೊಳೆಯಿಸಲು ಕೂತ ಸೂಕ್ಷ್ಮಜೀವಿಗಳು ತಮ್ಮ ಪಾಲಿನ ಸಾರಜನಕವನ್ನು ಎರೆಗೊಬ್ಬರದಿಂದಲೇ ಕಿತ್ತುಕೊಳ್ಳುತ್ತವೆ. ಗಿಡಕ್ಕೆ ಬಡಿಸಿದ ಎಲೆಯಲ್ಲಿ ಮೊದಲು ಉಂಡವರು ಅವರು.

ಈಗ ನಾನು ಮಾಡುವುದು ಇಷ್ಟು. ಮಳೆಗಾಲದಲ್ಲಿ ಪುಡಿಯನ್ನು ಸೆಣಬಿನ ಮೂಟೆಗಳಲ್ಲಿ ತುಂಬಿ ತಾರಸಿಯ ಅಂಚಿನಲ್ಲಿ ಬಿಡುತ್ತೇನೆ, ಮಳೆಯೇ ತೊಳೆಯುತ್ತದೆ. ಮೀಟರ್ 400ಕ್ಕಿಂತ ಕೆಳಗಿಳಿದ ಮೇಲೆ ಜಿಪ್ಸಂ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸುತ್ತೇನೆ, ಲೀಟರಿಗೆ 2 ಗ್ರಾಂ. ಪಾವಗಡ, ಶಿರಾದ ಕಡಲೆಕಾಯಿ ಬೆಳೆಗಾರರು ಹೂವಿನ ಹೊತ್ತಿಗೆ ಹೊಲಕ್ಕೆ ಎರಚುವ ಅದೇ ಜಿಪ್ಸಂ. ಬರೀ ನೀರಿನಲ್ಲಿ ತೊಳೆದರೆ ಸಡಿಲವಾಗಿರುವ ಉಪ್ಪು ಮಾತ್ರ ಹೋಗುತ್ತದೆ. ನಾರಿಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಷ್ ಹೋಗುವುದಿಲ್ಲ. ಜಿಪ್ಸಂನಲ್ಲಿರುವ ಸುಣ್ಣದಂಶ (ಕ್ಯಾಲ್ಸಿಯಂ) ಬಂದು ತಳ್ಳಿದರೆ ಅವು ಜಾಗ ಬಿಡುತ್ತವೆ. ಹಾಗೆ ಬಿಡಿಸದಿದ್ದರೆ ಮುಂದೆ ನಾವು ಹಾಕುವ ಸುಣ್ಣದಂಶವನ್ನು ನಾರೇ ನುಂಗುತ್ತದೆ, ಟೊಮೆಟೊ ಕಾಯಿಯ ತಳ ಕಪ್ಪಾಗುತ್ತದೆ. ಕೊನೆಗೆ ಇನ್ನೊಮ್ಮೆ ತೊಳೆದು, ಸಗಣಿ ಬಗ್ಗಡ ಬೆರೆಸಿ ನಾಲ್ಕು ತಿಂಗಳು ಗುಡ್ಡೆ ಹಾಕಿ ಮುಚ್ಚಿಡುತ್ತೇನೆ. ತೆಂಗಿನ ನಾರು ಮಂಡಳಿಯವರು ಅಣಬೆ ಜಾತಿಯ ಶಿಲೀಂಧ್ರ ಬಳಸಿ ಇದನ್ನು ಬೇಗ ಕೊಳೆಯಿಸುವ ಕ್ರಮವನ್ನೂ ಹೇಳಿಕೊಡುತ್ತಾರೆ, ನನಗೆ ಅವಸರವಿಲ್ಲ.

ಮಿಶ್ರಣದ ಅಳತೆ ಬುಟ್ಟಿ ಲೆಕ್ಕದಲ್ಲಿ: ಕೊಳೆತ ನಾರಿನ ಪುಡಿ ನಾಲ್ಕು, ಎರೆಗೊಬ್ಬರ ಮೂರು, ಭತ್ತದ ಹೊಟ್ಟು ಎರಡು, ಕೆಂಪು ಮಣ್ಣು ಒಂದು. ಎರೆಗೊಬ್ಬರ ಇದಕ್ಕಿಂತ ಹೆಚ್ಚಾದರೆ ಮೇಣದಂತೆ ಕೂರುತ್ತದೆ. ಹೊಟ್ಟು ಗೊಬ್ಬರವಲ್ಲ, ಸಂದು ಬಿಡಿಸಲು, ಬೇಗ ಕೊಳೆಯುವುದಿಲ್ಲ. ಅಕ್ಕಿ ಗಿರಣಿಯಿಂದ ತಂದು ಹಾಗೆಯೇ ಹಾಕಿದರೆ ಟೊಮೆಟೊ ಬುಡದಲ್ಲಿ ಭತ್ತದ ಪೈರು ಏಳುತ್ತದೆ. ನಮ್ಮ ಮನೆಯಲ್ಲಿ ಒಂದು ತೆನೆಯೂ ಬಂದಿತ್ತು.

ಇನ್ನು ಗೊಬ್ಬರ. ನನ್ನ ಅತಿ ದೊಡ್ಡ ಅನಾಹುತ ಕಡಲೆಕಾಯಿ ಹಿಂಡಿಯದು. ಅದರಲ್ಲಿ ಶೇಕಡಾ 7ರ ಆಸುಪಾಸು ಸಾರಜನಕವಿದೆ ಎಂದು ಓದಿ ಆಸೆಪಟ್ಟು, ಪ್ರತಿ ಚೀಲಕ್ಕೂ ಕಾಲು ಕೆಜಿ ಹಸಿಯಾಗಿಯೇ ಬೇರಿನ ಪಕ್ಕ ಹೂತೆ. ನಾಲ್ಕನೆಯ ದಿನ ಮೂತ್ರಾಲಯದಂಥ ಘಾಟು. ಕೈ ತೂರಿಸಿದರೆ ಒಳಗೆ ಬಿಸಿ. ಆರನೆಯ ದಿನ ಹುಳು. ಎಲೆಗಳ ಅಂಚು ಸುಟ್ಟವು. ಒಂದು ರಾತ್ರಿ ಇಲಿಗಳು ಬಂದು ಐದು ಚೀಲ ಬಗೆದು, ಹಿಂಡಿ ತಿಂದು, ಗಿಡಗಳನ್ನು ಪಕ್ಕಕ್ಕೆ ಒರಗಿಸಿ ಹೋದವು. ಕೊಟ್ಟ ಔಷಧಿ ಸರಿಯಾಗಿತ್ತು, ಕೊಟ್ಟ ಪ್ರಮಾಣ ಮಾತ್ರ ರೋಗಿಯನ್ನು ಕೊಲ್ಲುವಂಥದು.

ಜೀವಾಮೃತದ ಬಗ್ಗೆ ಬರೆಯುವಾಗ ಎಚ್ಚರ ಬೇಕು, ಏಕೆಂದರೆ ನಮ್ಮ ಕಡೆ ಅದಕ್ಕೆ ಭಕ್ತರಿದ್ದಾರೆ. ಶೂನ್ಯ ಬಂಡವಾಳದ ಸಹಜ ಕೃಷಿಯನ್ನು ಪ್ರಚಾರ ಮಾಡಿದ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಲೆಕ್ಕ: 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರಿನವರೆಗೆ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ತಲಾ 2 ಕೆಜಿ, ಒಂದು ಹಿಡಿ ಬದುವಿನ ಮಣ್ಣು, ಇದು ಒಂದು ಎಕರೆಗೆ. ಅಂಗಡಿಯ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಎಲ್ಲವನ್ನೂ ಕೂಡಿದರೂ ಸಾರಜನಕ 200 ಗ್ರಾಂ ಸುತ್ತಮುತ್ತ, ಅಂದರೆ ಲೀಟರಿಗೆ ಒಂದು ಗ್ರಾಂ. ನಾಲ್ಕು ಕೆಜಿ ಹಣ್ಣು ಕೊಡುವ ಟೊಮೆಟೊ ಗಿಡಕ್ಕೆ 10 ಗ್ರಾಂ ಬೇಕು. ಹಾಗಾದರೆ ಹೊಲದಲ್ಲಿ ಅದು ಕೆಲಸ ಮಾಡುವುದು ಹೇಗೆ? ಅದನ್ನು ಹೇಳುವವರೇ ಉತ್ತರ ಕೊಡುತ್ತಾರೆ: ಅದು ಊಟವಲ್ಲ, ಹೆಪ್ಪು. ಹೊಲದಲ್ಲಿ ಮುಚ್ಚಿಗೆಯಿದೆ, ಹಳೆಯ ಬೇರು, ಸೊಪ್ಪು, ಮಣ್ಣಿನ ಸತ್ವವಿದೆ. ಹೆಪ್ಪಿಗೆ ಹಾಲು ಅಲ್ಲೇ ಇದೆ. ನಾರಿನ ಪುಡಿಯ ಚೀಲದಲ್ಲಿ ಹಾಲೇ ಇಲ್ಲ. ನಾನು ತಿಂಗಳಿಗೊಮ್ಮೆ ಒಂದು ಲೋಟ ಹಾಕುತ್ತೇನೆ, ಅದನ್ನೇ ನಂಬಿ ಕೂರುವುದಿಲ್ಲ. ಹೆಸರಘಟ್ಟದವರ ಅರ್ಕಾ ಸೂಕ್ಷ್ಮಾಣು ಮಿಶ್ರಣವೂ ಇದೇ ಜಾತಿಯ ಕೆಲಸಗಾರ. ಸಸಿ ಮಡಿಯ ಮಿಶ್ರಣಕ್ಕೆ ಅದನ್ನು ಬೆರೆಸುತ್ತೇನೆ.

ಒಲೆಯ ಬೂದಿಯನ್ನು ಪೂರ್ತಿ ನಿಲ್ಲಿಸಿದ್ದೇನೆ. ತೊಳೆದ ಮೇಲೂ ನಾರಿನ ಪುಡಿಯಲ್ಲಿ ಒಂದಿಷ್ಟು ಪೊಟ್ಯಾಷ್ ಉಳಿದಿರುತ್ತದೆ. ಮೇಲಾಗಿ ಬೂದಿ ಕ್ಷಾರ, ನಮ್ಮ ಬೋರ್‌ವೆಲ್ ನೀರೂ ಕ್ಷಾರ. ಒಂದು ಬಾರಿ ಎರಡೂ ಸೇರಿ ಮೆಣಸಿನ ಗಿಡದ ಕುಡಿ ಎಲೆಗಳು ನರ ಮಾತ್ರ ಹಸಿರಾಗಿ, ಉಳಿದದ್ದೆಲ್ಲ ಬಿಳಿಚಿಕೊಂಡವು. ಅದು ಕಬ್ಬಿಣದ ಕೊರತೆ. ಕಬ್ಬಿಣ ಅಲ್ಲೇ ಇದ್ದರೂ ಕ್ಷಾರದಲ್ಲಿ ಗಿಡಕ್ಕೆ ಎಟುಕುವುದಿಲ್ಲ. ಕೆಳಗಿನ ಹಳೆಯ ಎಲೆ ಹಳದಿಯಾದರೆ ಸಾರಜನಕ, ತುದಿಯ ಹೊಸ ಎಲೆ ಹಳದಿಯಾದರೆ ಕಬ್ಬಿಣ ಎಂಬ ಗುರುತು ನನಗೆ ಹತ್ತು ಬಾಟಲಿ ಟಾನಿಕ್ಕಿಗಿಂತ ಉಪಯೋಗಕ್ಕೆ ಬಂದಿದೆ. ಕಾಯಿಯ ತಳ ಕಪ್ಪಾಗದಿರಲು ಮೊಟ್ಟೆ ಸಿಪ್ಪೆ ಹಾಕಬಹುದೇ ಎಂದು ಕೇಳುವವರಿಗೆ ಒಂದೇ ಮಾತು: ಸಿಪ್ಪೆ ಪುಡಿಯಾಗಿ ಕರಗುವ ಹೊತ್ತಿಗೆ ನಿಮ್ಮ ಟೊಮೆಟೊ ಕಾಲ ಮುಗಿದಿರುತ್ತದೆ. ಕಾಯಿಯ ತಳ ಕಪ್ಪಾಗುವುದು ಬಹುಪಾಲು ನೀರಿನ ಏರುಪೇರಿನಿಂದ, ಎರಡು ದಿನ ಮರೆತು ಮೂರನೆಯ ದಿನ ತುಂಬಿಸುವುದರಿಂದ.

ಈಗಿನ ಡೋಸ್ ಹೀಗಿದೆ. ನೆಡುವಾಗ ಚೀಲಕ್ಕೆ 100 ಗ್ರಾಂ ಬೇವಿನ ಹಿಂಡಿ, 50 ಗ್ರಾಂ ಮೂಳೆ ಪುಡಿ, ಮಿಶ್ರಣದಲ್ಲಿ ಕಲಸಿ ಹತ್ತು ದಿನ ನೀರು ಚಿಮುಕಿಸಿ ಬಿಟ್ಟು ಆಮೇಲೆ ಸಸಿ. ಹೂ ಕಂಡಾಗಿನಿಂದ ಮೂರು ವಾರಕ್ಕೊಮ್ಮೆ 50 ಗ್ರಾಂ ಹೊಂಗೆ ಹಿಂಡಿ ಮೇಲೆ ಉದುರಿಸಿ ಎರಡು ಹಿಡಿ ಎರೆಗೊಬ್ಬರದಿಂದ ಮುಚ್ಚುತ್ತೇನೆ. ಹೊಂಗೆ, ಬೇವು ಎರಡನ್ನೂ ಇಲಿ ಮುಟ್ಟುವುದಿಲ್ಲ.

ಗುಣಮಟ್ಟದ ಪ್ರಶ್ನೆ ಬಂದದ್ದು ಕಳೆದ ವರ್ಷ. ಒಂದೇ ಮಿಶ್ರಣದ ಹನ್ನೆರಡು ಚೀಲಗಳಲ್ಲಿ ಆರಕ್ಕೆ ಮೇಲಿನ ಡೋಸ್. ಉಳಿದ ಆರಕ್ಕೆ ಅದರ ಜೊತೆ ವಾರಕ್ಕೊಮ್ಮೆ ಹುಳಿಸಿದ ಹಿಂಡಿ ತಿಳಿಯನ್ನು ಧಾರಾಳವಾಗಿ ಹೊಯ್ದೆ. ಧಾರಾಳದ ಗಿಡಗಳನ್ನು ನೋಡಿದವರೆಲ್ಲ ಹೊಗಳಿದರು. ಎದೆಮಟ್ಟ ಬೆಳೆದವು, ಎಲೆ ಕಡುಹಸಿರು, ಕಾಂಡ ಹೆಬ್ಬೆರಳು ದಪ್ಪ. ಆದರೆ ಕುಡಿಗಳ ತುಂಬ ಹೇನು ಹತ್ತಿತು, ಮೊದಲ ಎರಡು ಗೊಂಚಲು ಹೂ ಉದುರಿಹೋಯಿತು. ಕೊನೆಗೆ ತೂಗಿದಾಗ ಆ ಆರರಿಂದ ಚೀಲಕ್ಕೆ ಸರಾಸರಿ ಎರಡೂವರೆ ಕೆಜಿ ಹಣ್ಣು; ಸಾಧಾರಣವಾಗಿ ಕಾಣುತ್ತಿದ್ದ ಗಿಡಗಳಿಂದ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಹಣ್ಣಿನ ರಸದ ಸಿಹಿ ಅಳೆಯುವ ಸಣ್ಣ ದರ್ಶಕ ತರಿಸಿದ್ದೆ. ಧಾರಾಳದವು 4, ಅಳತೆಯವು 5 ದಾಟಿದವು. ನನ್ನ ಹೆಂಡತಿಗೆ ದರ್ಶಕದ ಮೇಲೆ ವಿಶ್ವಾಸವಿಲ್ಲ. ಎರಡೂ ಹಣ್ಣಿನಲ್ಲಿ ಬೇರೆ ಬೇರೆ ತಿಳಿಸಾರು ಮಾಡಿ, ಒಂದಕ್ಕೆ ಹುಣಸೆಹಣ್ಣು ಹಾಕಲೇಬೇಕಾಯಿತು, ಇನ್ನೊಂದಕ್ಕೆ ಬೇಡವಾಯಿತು ಎಂದು ತೀರ್ಪು ಕೊಟ್ಟಳು. ಯಾವುದು ಯಾವ ಚೀಲದ್ದೆಂದು ಅವಳಿಗೆ ಹೇಳಿರಲಿಲ್ಲ.

ಸೊಪ್ಪಿನ ಲೆಕ್ಕವೇ ಬೇರೆ. ದಂಟು, ಹರಿವೆಗಳು ಸಾರಜನಕ ಎಷ್ಟಿದ್ದರೂ ಉಣ್ಣುತ್ತವೆ. ಕೊತ್ತಂಬರಿ ಮಾತ್ರ ಬಡ ಮಿಶ್ರಣದಲ್ಲಿ ಗಿಡ್ಡವಾಗಿ ಬೆಳೆದಾಗಲೇ ಘಮ ಹೆಚ್ಚು.

ಎರಡು ಬೆಳೆ ಆದ ಮೇಲೆ ಚೀಲದ ಮಿಶ್ರಣ ಒಂದು ಗೇಣು ಕುಸಿದಿರುತ್ತದೆ. ಅರ್ಧ ತೆಗೆದು ಊರಿನ ತೋಟದ ತೆಂಗಿನ ಬುಡಕ್ಕೆ ಹಾಕಿ, ಹೊಸತು ಸೇರಿಸುತ್ತೇನೆ. ಪಕ್ಕದ ಮನೆಯವರು ಹೋದ ತಿಂಗಳು ನನ್ನ ಅಳತೆಯನ್ನೆಲ್ಲ ಬರೆದುಕೊಂಡು ಹೋಗಿ, ಬುಟ್ಟಿ ಲೆಕ್ಕ ತಪ್ಪದೆ ಹತ್ತು ಚೀಲ ತುಂಬಿಸಿದರು. ನೋಡಲು ಕರೆದರು. ಎಲ್ಲ ಸರಿಯಾಗಿತ್ತು. ಚೀಲ ಎತ್ತಲು ಹೋದರೆ ಭಾರ ಜಾಸ್ತಿ ಎನಿಸಿತು. ‘ನೀರು ಬಸಿಯಲಿ ಎಂದು ತಳಕ್ಕೆ ಎರಡಿಂಚು ಜಲ್ಲಿ ಹಾಕಿದ್ದೇನೆ’ ಎಂದರು. ನಾನು ಅವರ ಅಡುಗೆಮನೆಗೆ ಹೋಗಿ ಸ್ಪಂಜು ಕೇಳಿದೆ.