ವರ್ಚುವಲ್ ಯಂತ್ರದ ಡೇಟಾಬೇಸ್: ಡಿಸ್ಕ್ ವಿಳಂಬವನ್ನು ಅಳೆದು ಸರಿಪಡಿಸುವ ಬಗೆ

ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯೊಂದರ ತೂಕದ ಡೇಟಾಬೇಸನ್ನು ನಾನು ಮೈಸೂರಿನಿಂದ ನೋಡಿಕೊಳ್ಳುತ್ತಿದ್ದೆ. ಅದು ವರ್ಚುವಲ್ ಯಂತ್ರದಲ್ಲಿ, ಅಂದರೆ ಭೌತಿಕ ಸರ್ವರೊಂದರೊಳಗೆ ತಂತ್ರಾಂಶದಿಂದ ರೂಪಿಸಿದ ಯಂತ್ರದಲ್ಲಿ ಓಡುತ್ತಿತ್ತು. ಆ ಸರ್ವರನ್ನು ಹೋಸ್ಟ್, ಒಳಗಿನ ಯಂತ್ರವನ್ನು ಅತಿಥಿ ಎನ್ನುತ್ತಾರೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಒಂದು ಸಂಜೆ, ಟ್ರಾಕ್ಟರ್ ತೂಕದ ಕಟ್ಟೆಯಿಂದ ಇಳಿದ ಮೇಲೂ ಚೀಟಿ ಹೊರಬರುತ್ತಿರಲಿಲ್ಲ. ಗೇಟಿನಾಚೆ ಗಾಡಿಗಳ ಸಾಲು ಬೆಳೆಯುತ್ತಿತ್ತು. ನಾನು ಮೊದಲು ಮಾಡಿದ್ದು ಕ್ಯೂ ಡೆಪ್ತ್, ಅಂದರೆ ಡಿಸ್ಕಿಗೆ ಏಕಕಾಲಕ್ಕೆ ಕಳಿಸಬಹುದಾದ ಬೇಡಿಕೆಗಳ ಮಿತಿಯನ್ನು ಹೆಚ್ಚಿಸುವುದು, ಅದರಿಂದ ಏನೂ ಪ್ರಯೋಜನವಾಗಲಿಲ್ಲ. ವಿಳಂಬ ಎಲ್ಲಿ ಹುಟ್ಟುತ್ತಿದೆ ಎಂದು ತಿಳಿಯದೆ ಸಂಖ್ಯೆ ಬದಲಿಸಿದರೆ ಸಾಲು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆಯೇ ಹೊರತು ಕರಗುವುದಿಲ್ಲ.

ಆದ್ದರಿಂದ ಮೊದಲು ಅಳೆಯಬೇಕು, ಅದೂ ಕೆಲಸದ ಒತ್ತಡ ಹೆಚ್ಚಿರುವ ಹೊತ್ತಿನಲ್ಲೇ. ವಿಎಂವೇರ್ ಇಎಸ್ಎಕ್ಸ್ಐ (ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ) ಹೋಸ್ಟಿನಲ್ಲಿ ಅಳತೆಯ ಸಾಧನವಾದ ಇಎಸ್ಎಕ್ಸ್‌ಟಾಪ್ ತೆರೆದು 'ಯು' (u) ಒತ್ತಿದರೆ ಪ್ರತಿ ಡಿಸ್ಕಿನ ವಿಳಂಬ ಮಿಲಿಸೆಕೆಂಡಿನಲ್ಲಿ ಕಾಣುತ್ತದೆ. ಡಿಎವಿಜಿ ಎಂಬುದು ಸ್ಟೋರೇಜ್ ಮತ್ತು ಅದರ ದಾರಿ ತೆಗೆದುಕೊಂಡ ಸಮಯ, ಕೆಎವಿಜಿ ಎಂಬುದು ಹೋಸ್ಟಿನ ಮೂಲ ತಂತ್ರಾಂಶವಾದ ಕರ್ನಲ್‌ನಲ್ಲಿ ಕಳೆದ ಸಮಯ. ಇವೆರಡರ ಮೊತ್ತವಾದ ಜಿಎವಿಜಿಯನ್ನೇ ಅತಿಥಿ ಯಂತ್ರ ಅನುಭವಿಸುತ್ತದೆ. ಕೆಎವಿಜಿ ಸೊನ್ನೆಯ ಆಸುಪಾಸಿನಲ್ಲಿರಬೇಕು. ಅದು 2 ದಾಟಿ ನಿಂತಿದ್ದರೆ ಸಾಲು ಹೋಸ್ಟಿನೊಳಗೇ ಇದೆ, ಆಗ ಕ್ಯೂ ಡೆಪ್ತಿನ ಪ್ರಶ್ನೆ ಬರುತ್ತದೆ. ಡಿಎವಿಜಿ 20 ದಾಟಿದ್ದರೆ ನೋಡಬೇಕಾದದ್ದು ಸ್ಟೋರೇಜನ್ನು. ಅತಿಥಿಯೊಳಗೆ ಐಒಸ್ಟಾಟ್ ಎಂಬ ಲಿನಕ್ಸ್ ಆಜ್ಞೆ ತೋರಿಸುವ ಬರೆಯುವ ವಿಳಂಬ ಜಿಎವಿಜಿಗಿಂತ ಬಹಳ ಹೆಚ್ಚಿದ್ದರೆ, ಅಡಚಣೆ ಅತಿಥಿಯ ಕಂಟ್ರೋಲರಿನಲ್ಲೇ (ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಭಾಗ) ಇರುವ ಸಾಧ್ಯತೆ ಹೆಚ್ಚು.

ಕ್ಯೂ ಡೆಪ್ತಿನ ಲೆಕ್ಕ ಸರಳ. ಏಕಕಾಲಕ್ಕೆ 64 ಬೇಡಿಕೆ ಹೊರಗಿದ್ದು, ಒಂದೊಂದಕ್ಕೂ 1 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 64,000 ಬೇಡಿಕೆ ಮುಗಿಯುತ್ತವೆ. 10 ಮಿಲಿಸೆಕೆಂಡ್ ಹಿಡಿದರೆ 6,400 ಮಾತ್ರ. ಸ್ಟೋರೇಜೇ ನಿಧಾನವಾಗಿರುವಾಗ ಡೆಪ್ತ್ ಏರಿಸಿದರೆ ಪ್ರತಿಯೊಂದು ಬೇಡಿಕೆಯೂ ಇನ್ನಷ್ಟು ಹೊತ್ತು ಕಾಯುತ್ತದೆ.

ಹೋಸ್ಟಿನ ಅಥವಾ ಅತಿಥಿಯ ಸಾಲೇ ಕಾರಣವೆಂದು ಖಚಿತವಾದರೆ, ಡೇಟಾಬೇಸಿನ ಡಿಸ್ಕುಗಳನ್ನು ವರ್ಚುವಲ್ ಯಂತ್ರಕ್ಕೆಂದೇ ರೂಪಿಸಿದ ಪ್ಯಾರಾವರ್ಚುವಲ್ ಸ್ಕಸಿ ಕಂಟ್ರೋಲರಿಗೆ ಬದಲಿಸಿ. ಒಂದು ಯಂತ್ರಕ್ಕೆ ಇಂಥ 4 ಕಂಟ್ರೋಲರುಗಳನ್ನು ಕೊಡಬಹುದಾದ್ದರಿಂದ ದತ್ತಾಂಶ, ಲಾಗ್, ತಾತ್ಕಾಲಿಕ ಫೈಲುಗಳನ್ನು ಬೇರೆ ಬೇರೆ ಕಂಟ್ರೋಲರುಗಳಿಗೆ ಹಂಚಿ. ಈ ಕಂಟ್ರೋಲರಿನಲ್ಲಿ ಪ್ರತಿ ಡಿಸ್ಕಿನ ಕ್ಯೂ ಡೆಪ್ತ್ ಮೊದಲಿಗೆ 64 ಇರುತ್ತದೆ. ಲಿನಕ್ಸ್‌ನ ಬೂಟ್ ಸಾಲಿನಲ್ಲಿ ಅದನ್ನು 254ಕ್ಕೆ, ರಿಂಗ್ ಪುಟಗಳನ್ನು (ಬೇಡಿಕೆಗಳು ಕಾಯುವ ಮೆಮೊರಿ ಪುಟಗಳು) 32ಕ್ಕೆ ಏರಿಸಬಹುದು. ಐಒ ಶೆಡ್ಯೂಲರನ್ನು 'ನನ್' (none) ಎಂದಿಡಿ, ಏಕೆಂದರೆ ಕ್ರಮ ನಿಗದಿಪಡಿಸುವ ಕೆಲಸ ಕೆಳಗಿನ ಪದರದಲ್ಲಿ ಹೇಗೂ ನಡೆಯುತ್ತದೆ. ವಿಎಂವೇರ್ ಬದಲು ಲಿನಕ್ಸಿನ ಕೆವಿಎಂ ಬಳಸುವವರು ಕ್ಯಾಶೆಯನ್ನು 'ನನ್' ಎಂದಿಟ್ಟು, ಡಿಸ್ಕಿಗೆ ಪ್ರತ್ಯೇಕ ಐಒ ಥ್ರೆಡ್ ಕೊಟ್ಟರೆ ಸಾಕು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಮುಂಚಿನ ಮತ್ತು ಆಮೇಲಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

ನಮ್ಮ ಕಾರ್ಖಾನೆಯ ಸಮಸ್ಯೆ ಇವಾವುದೂ ಆಗಿರಲಿಲ್ಲ. ಬ್ಯಾಕಪ್ಪಿಗಾಗಿ ತೆಗೆದಿದ್ದ, ಡಿಸ್ಕಿನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಅಳಿಸದೆ ವಾರಗಟ್ಟಲೆ ಉಳಿದು, ಪ್ರತಿ ಬರಹವೂ ಬೆಳೆಯುತ್ತಿದ್ದ ಅದರ ಫೈಲಿನ ಮೂಲಕವೇ ಹಾದುಹೋಗುತ್ತಿತ್ತು. ಅದನ್ನು ರಾತ್ರಿ ಮೂಲ ಡಿಸ್ಕಿಗೆ ವಿಲೀನಗೊಳಿಸಿದ ಮೇಲೆ ಚೀಟಿ ಕೂಡಲೇ ಬರತೊಡಗಿತು. ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ.

ವೇಗದ ಆಸೆಗೆ ಮೈಎಸ್‌ಕ್ಯೂಎಲ್‌ನ ಲಾಗ್ ಫ್ಲಶ್ ಆಯ್ಕೆಯನ್ನು (ಲಾಗನ್ನು ಯಾವಾಗ ಡಿಸ್ಕಿಗೆ ಬರೆಯಬೇಕೆಂಬುದು) 1ರಿಂದ 0ಗೆ ಅಥವಾ 2ಕ್ಕೆ ಬದಲಿಸಲು ಕೆಲವರು ಸಲಹೆ ಕೊಡುತ್ತಾರೆ. ಆಗ ವಿದ್ಯುತ್ ಕೈಕೊಟ್ಟರೆ ಕೊನೆಯ ಸುಮಾರು ಒಂದು ಸೆಕೆಂಡಿನ ನಮೂದುಗಳು ಅಳಿದುಹೋಗಬಹುದು. ರೈತನ ಕೈಯಲ್ಲಿ ಚೀಟಿಯಿದ್ದು ಲೆಕ್ಕದಲ್ಲಿ ಅವನ ಕಬ್ಬೇ ಇಲ್ಲದಂತಾಗುತ್ತದೆ. ಹಣ ಮತ್ತು ತೂಕದ ಡೇಟಾಬೇಸಿನಲ್ಲಿ ಅದು 1 ಆಗಿಯೇ ಇರಲಿ.